ಕೊಡೆಯ ಅಡಿ ನೋಡದವರು

ಕನ್ನಡ ಪತ್ರಿಕೆಗಳಲ್ಲಿ ‘ನಾಯಿಕೊಡೆ’ ಎಂಬ ಶಬ್ದ ಕಣ್ಣಿಗೆ ಬಿದ್ದರೆ ಅದು ಕಾಡಿನ ಸುದ್ದಿಯಲ್ಲವೆಂದು ಧೈರ್ಯವಾಗಿ ಹೇಳಬಹುದು. ಟ್ಯುಟೋರಿಯಲ್‌ಗಳು ನಾಯಿಕೊಡೆಗಳಂತೆ ತಲೆಯೆತ್ತುತ್ತವೆ, ಚೀಟಿ ಸಂಸ್ಥೆಗಳು ನಾಯಿಕೊಡೆಗಳಂತೆ ಹುಟ್ಟಿಕೊಳ್ಳುತ್ತವೆ, ಕಾನ್ವೆಂಟುಗಳಂತೂ ಸರಿಯೇ ಸರಿ. ಬೇಡದ್ದು, ಬುಡವಿಲ್ಲದ್ದು, ನಾಳೆ ಇರಲಾರದ್ದು ಎಂಬ ಇಷ್ಟೂ ಅರ್ಥಗಳನ್ನು ಆ ಬಡಪಾಯಿಯ ತಲೆಯ ಮೇಲೆ ಹೇರಿ, ಅಕ್ಷರ ಕಲಿತ ನಾವು ಕೈತೊಳೆದುಕೊಂಡಿದ್ದೇವೆ. ತಿನ್ನಲು ಬರುವುದು ಅಣಬೆ, ಬಾರದ್ದು ನಾಯಿಕೊಡೆ. ಹೆಚ್ಚುಕಡಿಮೆ ಇಷ್ಟೇ ನಮ್ಮ ವಿಂಗಡಣೆ.

ಈಗ ನಾಯಿಕೊಡೆಗೆ ಒಮ್ಮೆಲೇ ಮರ್ಯಾದೆ ಬಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಅದೇ, ಛಾಯಾಚಿತ್ರ ಪ್ರದರ್ಶನದಲ್ಲಿ ಅದೇ, ಎಲ್ಲರ ಫೋನಿನಲ್ಲೂ ಅದೇ. ಹಸ್ತ ಮಳೆ ಮುಗಿದು ಚಿತ್ತ ಹಿಡಿಯುವ ಹೊತ್ತಿಗೆ, ಅಂದರೆ ಸರಿಯಾಗಿ ದಸರಾ ರಜೆಗೆ, ಪಟ್ಟಣದಿಂದ ಕಾರುಗಳು ಘಟ್ಟದ ಮೇಲಿನ ನಮ್ಮ ಊರುಗಳಿಗೆ ಬರುತ್ತವೆ. ಮೊದಲು ಜಲಪಾತಕ್ಕೆ ಬರುತ್ತಿದ್ದರು, ಆಮೇಲೆ ಕಪ್ಪೆಗೆ ಬಂದರು, ಈಗ ಅಣಬೆಗೆ ಬರುತ್ತಾರೆ. ಬರಲಿ, ಬೇಡವೆನ್ನಲು ಕಾಡು ನನ್ನ ತವರಿನ ಆಸ್ತಿಯಲ್ಲ. ಅಣಬೆಗೆ ಸಿಕ್ಕಿರುವ ಮರ್ಯಾದೆ ಎಂಥದ್ದು ಎಂಬುದಷ್ಟೇ ನನ್ನ ತಕರಾರು. ಮದುವೆಗೆ ಮುಂಚೆ ಹುಡುಗಿಯ ಮುಖ ನೋಡಿ ಬಣ್ಣ ಚೆನ್ನಾಗಿದೆ ಎಂದು ಎದ್ದು ಹೋಗುತ್ತಿದ್ದರಲ್ಲ, ಆ ಜಾತಿಯ ಮರ್ಯಾದೆ ಇದು.

ಇವರು ಫೋಟೋ ತೆಗೆಯುವ ಕ್ರಮವನ್ನು ನೋಡದವರಿಗಾಗಿ ಸ್ವಲ್ಪ ವಿವರಿಸಬೇಕು. ಕೊಳೆತ ದಿಮ್ಮಿಯ ಪಕ್ಕ ಒಂದು ಅಣಬೆ ಕಂಡಿತು ಎನ್ನಿ. ಮೊದಲು ಸುತ್ತಲಿನ ಒಣಗಿದೆಲೆ, ಕಡ್ಡಿ, ಕಸ ಎಲ್ಲವನ್ನೂ ಕೈಯಿಂದ ಬಾಚಿ ತೆಗೆಯಬೇಕು. ಚಿತ್ರದಲ್ಲಿ ಅವು ಬಂದರೆ ಅಣಬೆ ಎದ್ದು ಕಾಣುವುದಿಲ್ಲವಂತೆ. ಇದಕ್ಕೆ ಅವರಲ್ಲಿ ಗಾರ್ಡನಿಂಗ್ ಎಂಬ ಹೆಸರೇ ಇದೆ. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಅಣಬೆಯ ತಲೆಯ ಮೇಲಿನ ಮಣ್ಣು ಒರೆಸಬೇಕು. ಹಿಂದೆ ಹಸಿರು ಬೇಕೆನಿಸಿದರೆ ಇನ್ನೊಂದು ಮರದ ಹಾವಸೆಯನ್ನು ಚಕ್ಕೆಯಾಗಿ ಎಬ್ಬಿಸಿ ತಂದು ಹಾಸಬೇಕು. ಸೀಸೆಯಿಂದ ನೀರು ಚಿಮುಕಿಸಿ ಹನಿ ಕೂರಿಸಬೇಕು. ಮಳೆಗಾಲ ಮುಗಿಯದ ಮಲೆನಾಡಿನಲ್ಲಿ ಅಣಬೆಗೆ ನೀರು ಚಿಮುಕಿಸುವ ಮಹನೀಯರನ್ನು ಕಂಡಾಗ ಸಮುದ್ರಕ್ಕೆ ಉಪ್ಪು ಹೊತ್ತವನ ನೆನಪಾಗುತ್ತದೆ. ಕೊನೆಗೆ ಕೊಡೆಯ ಅಡಿ ಒಂದು ಪುಟ್ಟ ಎಲ್‌ಇಡಿ ದೀಪವಿಟ್ಟು, ಮೊಣಕೈ ಊರಿ ಮಲಗಿ, ಇಪ್ಪತ್ತೋ ಮೂವತ್ತೋ ಸಲ ಕ್ಲಿಕ್ಕಿಸಬೇಕು. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರು ಅದೇ ಜಾಗದಲ್ಲಿ ಮಲಗುತ್ತಾರೆ. ಅಣಬೆ ನಿಂತ ಜಾಗ ಅನುಕೂಲವಿಲ್ಲದಿದ್ದರೆ ಅದನ್ನೇ ಮುರಿದು ತಂದು ಬೆಳಕು ಬೀಳುವ ದಿಮ್ಮಿಯ ಮೇಲೆ ನೆಡುವವರೂ ಇದ್ದಾರೆ. ಮಣ್ಣಿನಲ್ಲಿ ಹುಟ್ಟುವ ಅಣಬೆ ಹೀಗೆ ಮರದ ಮೇಲೆ ಹುಟ್ಟಿದಂತೆ ಚಿತ್ರವಾಗಿ, ಬಹುಮಾನವನ್ನೂ ಪಡೆದು, ನೋಡಿದವರಿಗೆಲ್ಲ ಸುಳ್ಳು ಹೇಳುತ್ತ ಕೂರುತ್ತದೆ.

ಬಾಚಿ ಎಸೆದ ಆ ಕಸವೇ ಅಣಬೆಯ ಮನೆ ಎಂಬುದನ್ನು ಇವರಿಗೆ ಯಾರು ಹೇಳಬೇಕು? ನಾವು ಅಣಬೆ ಎನ್ನುವುದು ಒಂದು ಹಣ್ಣು ಮಾತ್ರ. ಅದರ ಮರ ಮಣ್ಣಿನೊಳಗೆ, ಎಲೆಯ ಅಡಿಗೆ, ದಿಮ್ಮಿಯ ನಾರಿನಲ್ಲಿ ಬಿಳಿಯ ನೂಲಾಗಿ ಹಬ್ಬಿರುತ್ತದೆ. ಹಿತ್ತಲಿನ ಗೊಬ್ಬರದ ಗುಂಡಿ ಕೆದಕಿದ ಯಾವ ಹೆಂಗಸಿಗೂ ಆ ನೂಲು ಗೊತ್ತು. ಎಲೆಯ ಹೊದಿಕೆ ತೆಗೆದರೆ ನೂಲು ಒಣಗುತ್ತದೆ. ಮಾವಿನ ಹಣ್ಣಿನ ಫೋಟೋ ತೆಗೆಯುವುದಕ್ಕೋಸ್ಕರ ಮಾವಿನ ಮರದ ತೊಗಟೆ ಸುಲಿದವರನ್ನು ನಾವು ಸುಮ್ಮನೆ ಬಿಡುತ್ತಿದ್ದೆವೆ?

ಇಷ್ಟಾಗಿಯೂ ಇವರು ನಮಗೆ ಬುದ್ಧಿ ಹೇಳುತ್ತಾರೆ ಎಂಬುದೇ ಸೋಜಿಗ. “ನಾವು ಏನನ್ನೂ ಕೀಳುವುದಿಲ್ಲ, ಚಿತ್ರ ಮಾತ್ರ ಒಯ್ಯುತ್ತೇವೆ” ಎಂಬುದು ಅವರ ಮಂತ್ರ. ಮೂರು ವರ್ಷದ ಕೆಳಗೆ ಅಂಥದೊಂದು ತಂಡ ನಮ್ಮೂರ ಹೋಂಸ್ಟೇಯಲ್ಲಿ ಇಳಿದಿತ್ತು. ದಾರಿ ತೋರಿಸಲು ನಮ್ಮ ಶಾಲೆಯ ಏಳನೇ ತರಗತಿಯ ಹುಡುಗನೊಬ್ಬ ಹೋಗುವುದಾಗಿತ್ತು. ಹುಡುಗನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಹೋದೆ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಒಬ್ಬ ಮುದುಕಿ ಹುತ್ತದ ಅಣಬೆ ಕೀಳುತ್ತ ಕೂತಿದ್ದಳು. ಹತ್ತಿರದ ತೋಟಕ್ಕೆ ಕೂಲಿಗೆ ಬರುವವಳು, ನನಗೂ ಗುರುತು. ತಂಡದ ಒಬ್ಬ ತರುಣ ಹೋಗಿ, “ಆಂಟಿ, ಹೀಗೆಲ್ಲ ಕೀಳಬಾರದು, ನೇಚರ್ ಹಾಳಾಗುತ್ತೆ” ಎಂದ. ಒರಟಾಗಿ ಅಲ್ಲ, ತುಂಬ ನಯವಾಗಿಯೇ ಹೇಳಿದ. ಮುದುಕಿ ಅವನನ್ನೂ ಅವನ ಹಿಂದಿನವರನ್ನೂ ಒಮ್ಮೆ ನೋಡಿದಳು.

“ಎಷ್ಟು ಜನ ಬಂದೀರಿ ಮಗಾ?”

“ಹದಿನಾಲ್ಕು.”

“ನಾನೊಬ್ಳು ಬಂದು ನಾಕು ಕಿತ್ತೆ. ನೀವು ಹದ್ನಾಲ್ಕು ಜನ ಬಂದು ಒಂದೂ ಕೀಳ್ಲಿಲ್ಲ, ಸೈ. ನೆಲ ನೋಡು ಹೆಂಗಾಗೈತೆ, ದನ ಮಲಗಿ ಎದ್ದಂಗೆ.” ಆಮೇಲೆ ನನ್ನ ಕಡೆ ತಿರುಗಿ, “ಅಕ್ಕೋರೆ, ಇವ್ರಿಗೆ ನೀವಾರೂ ಹೇಳಿ” ಎಂದು ಬುಟ್ಟಿಯ ಮೇಲೆ ಎಲೆ ಮುಚ್ಚಿಕೊಂಡು ಹೊರಟುಹೋದಳು.

ಮುದುಕಿಯ ಮಾತು ಬರೀ ಸಿಟ್ಟಿನದಲ್ಲ. ಸ್ವಿಟ್ಜರ್ಲೆಂಡಿನ ಲಾ ಶನೇಯ ಎಂಬ ರಕ್ಷಿತ ಕಾಡಿನಲ್ಲಿ 1975ರಿಂದ 2003ರವರೆಗೆ, ಅಂದರೆ 29 ವರ್ಷ, ಇದೇ ಪ್ರಶ್ನೆಯನ್ನು ಹಿಡಿದು ವಿಜ್ಞಾನಿಗಳು ಕೂತಿದ್ದರು. ಕಾಡಿನ ಕೆಲವು ತುಂಡುಗಳಲ್ಲಿ ಅಣಬೆಯನ್ನು ಕಿತ್ತರು, ಕೆಲವು ಕಡೆ ಕೊಯ್ದರು, ಕೆಲವನ್ನು ಮುಟ್ಟದೆ ಬಿಟ್ಟರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಿತ್ತರೂ ಕೊಯ್ದರೂ ಮುಂದಿನ ವರ್ಷಗಳ ಅಣಬೆಯ ಸಂಖ್ಯೆ ಕಡಿಮೆಯಾಗಲಿಲ್ಲ, ಬಗೆಗಳೂ ಕಡಿಮೆಯಾಗಲಿಲ್ಲ. ಆದರೆ ತುಳಿದಾಡಿದ ಕಡೆ ಏಳುವ ಅಣಬೆಯ ಸಂಖ್ಯೆ ಇಳಿಯಿತು. ಮಣ್ಣೊಳಗಿನ ಜಾಲ ಸತ್ತಂತೆ ಕಾಣಲಿಲ್ಲ, ಅಷ್ಟರ ಮಟ್ಟಿಗೆ ಸಮಾಧಾನ. ಸ್ವಿಟ್ಜರ್ಲೆಂಡಿನ ಕಾಡು ಮಲೆನಾಡಿನ ಕಾಡಲ್ಲ ಎಂದು ಯಾರಾದರೂ ಆಕ್ಷೇಪ ತೆಗೆದರೆ ನಾನು ಒಪ್ಪುತ್ತೇನೆ. ಆದರೆ ಕೀಳುವವಳು ಅಪರಾಧಿ, ಮಲಗಿ ಹೊರಳುವವರು ಪ್ರಕೃತಿಪ್ರೇಮಿಗಳು ಎಂದು ತೀರ್ಪು ಕೊಡಲು ಅವರ ಹತ್ತಿರ 29 ದಿನದ ಪುರಾವೆಯೂ ಇಲ್ಲ. ಕಾಲಿಗೆ ಬೂಟು, ಕೈಯಲ್ಲಿ ಲಕ್ಷ ರೂಪಾಯಿಯ ಲೆನ್ಸು ಇದ್ದರೆ ಮಾತಿಗೆ ತೂಕ ತಾನಾಗಿ ಬರುತ್ತದೆ ಎಂದುಕೊಂಡಿದ್ದಾರೆ.

ಅವತ್ತು ಆ ಮುದುಕಿ ಕಿತ್ತ ಅಣಬೆಯ ಕಥೆ ಕೇಳಿದ್ದರೆ ಆ ತಂಡಕ್ಕೆ ಒಂದು ದಿನ ಸಾಲುತ್ತಿರಲಿಲ್ಲ. ಹುತ್ತದ ಅಣಬೆ ಗೆದ್ದಲಿನ ಸಾಕುಬೆಳೆ. ಗೆದ್ದಲು ಒಣಗಿದ ಎಲೆ, ಕಡ್ಡಿಗಳನ್ನು ತಿಂದು ಹಾಕಿದ ಹಿಕ್ಕೆಯಿಂದ ನೆಲದೊಳಗೆ ಜೇನುತಟ್ಟಿಯಂಥ ತೋಟ ಕಟ್ಟುತ್ತದೆ. ಅದರಲ್ಲಿ ಈ ಶಿಲೀಂಧ್ರ ಬೆಳೆದು, ಗೆದ್ದಲಿಗೆ ಅರಗದ ಮರದ ಗಟ್ಟಿ ಅಂಶವನ್ನು ಮೆತ್ತಗೆ ಮಾಡಿಕೊಡುತ್ತದೆ. ಗೆದ್ದಲು ಅದನ್ನು ಉಣ್ಣುತ್ತದೆ. ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷವಾಯಿತೆಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಗೆದ್ದಲಿನ ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷವಾಗಿದೆ. ಫ್ರಾನ್ಸಿನ ರೋಜೆ ಹೈಮ್ ಎಂಬ ವಿದ್ವಾಂಸರು 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ಅದನ್ನು ಗೆದ್ದಲಿನ ಹಾಗೆ ಬೆಳೆದು ಮಾರುವ ವಿದ್ಯೆ ಇಂದಿಗೂ ಮನುಷ್ಯನಿಗೆ ಕೈಹತ್ತಿಲ್ಲ. ಅಣಬೆಯ ಕಾಂಡ ನೆಲದ ಮೇಲೆ ಗೇಣುದ್ದ ಕಂಡರೂ ಕೆಳಗೆ ಬೇರಿನ ಹಾಗೆ ಸಣ್ಣಗಾಗುತ್ತ ಗೆದ್ದಲಿನ ತೋಟದವರೆಗೆ ಇಳಿಯುತ್ತದೆ. ಆ ಉದ್ದನೆಯ ಬಾಲವೇ ಅದರ ದೊಡ್ಡ ಗುರುತು. ಕಿತ್ತವಳಿಗೆ ಆ ಗುರುತು ಕೈಗೆ ಸಿಕ್ಕಿತ್ತು. ಮೇಲಿನಿಂದ ಚಿತ್ರ ತೆಗೆದ ಹದಿನಾಲ್ಕು ಜನರಿಗೆ ಒಂದು ಬಿಳಿಯ ಟೋಪಿ ಸಿಕ್ಕಿತು.

ಇಲ್ಲಿಗೆ ನನ್ನ ತಕರಾರಿನ ತಿರುಳಿಗೆ ಬಂದೆ. ಅಣಬೆಯ ಗುರುತು ಅದರ ಮುಖದಲ್ಲಿಲ್ಲ. ಕೊಡೆಯ ಅಡಿಯ ಕಿವಿರಿನಲ್ಲಿದೆ, ಕಾಂಡಕ್ಕೆ ಉಂಗುರ ಇದೆಯೇ ಎಂಬುದರಲ್ಲಿದೆ, ಬುಡದಲ್ಲಿ ಚೀಲವಿದೆಯೇ ಎಂಬುದರಲ್ಲಿದೆ, ಮುರಿದಾಗ ಬಣ್ಣ ಬದಲಾಗುತ್ತದೆಯೇ, ಹಾಲು ಒಸರುತ್ತದೆಯೇ, ವಾಸನೆ ಹೇಗಿದೆ, ಹುಟ್ಟಿದ್ದು ಮಣ್ಣಿನಲ್ಲೋ ಮರದಲ್ಲೋ ಸೆಗಣಿಯಲ್ಲೋ, ಹತ್ತಿರದ ಮರ ಯಾವುದು ಎಂಬುದರಲ್ಲಿದೆ. ಚಂದದ ಚಿತ್ರ ಎಂದು ಮೆಚ್ಚಿಕೊಳ್ಳುವುದರಲ್ಲಿ ಇವುಗಳಲ್ಲೊಂದೂ ಇರುವುದಿಲ್ಲ. ಹಿನ್ನೆಲೆಯನ್ನಂತೂ ಬೇಕೆಂದೇ ಮಸುಕು ಮಾಡಿರುತ್ತಾರೆ. ಊರಿಲ್ಲದ, ಮನೆಯಿಲ್ಲದ, ಕಾಲಿಲ್ಲದ ಒಂದು ಮುಖ.

ಇದು ರುಚಿಯ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಶಾಯಿ ಖರ್ಚು ಮಾಡುತ್ತಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಮೇಲಣ ಅಸ್ಸಾಮಿನ ಜಿಲ್ಲೆಗಳಲ್ಲಿ ಕಾಡಿನ ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಜನ ಸತ್ತರು. ಹೆಚ್ಚಿನವರು ಚಹಾ ತೋಟದ ಕೂಲಿ ಸಂಸಾರದವರು, ಅವರಲ್ಲಿ ಎಳೆಯ ಮಗುವೂ ಇತ್ತು. ಅಮಾನಿಟಾ ಎಂಬ ಕುಲದ ಕೆಲವು ಅಣಬೆಗಳ ವಿಷ ಬೇಯಿಸಿದರೆ ಹೋಗುವುದಿಲ್ಲ. ತಿಂದ 6ರಿಂದ 12 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಅದು ಇಳಿದು ಒಂದು ದಿನ ರೋಗಿ ಎದ್ದು ಕೂರುತ್ತಾನೆ, ಮನೆಯವರು ದೇವರಿಗೆ ಕೈಮುಗಿಯುತ್ತಾರೆ, ಅಷ್ಟರಲ್ಲಿ ಒಳಗೆ ಲಿವರ್ ಕೊಳೆಯುತ್ತಿರುತ್ತದೆ. ಈ ಕುಲವನ್ನು ಗುರುತಿಸುವುದಕ್ಕೆ ಬೇಕಾದದ್ದು ಬಿಳಿಯ ಕಿವಿರು, ಕಾಂಡದ ಉಂಗುರ ಮತ್ತು ಮಣ್ಣಿನಲ್ಲಿ ಹೂತಿರುವ ಬುಡದ ಚೀಲ. ಮೂರೂ ಮೇಲಿನಿಂದ ಕಾಣದವು.

ಹಾಗಾದರೆ ಹಳಬರೆಲ್ಲ ಬಲ್ಲವರೋ ಎಂದರೆ ಅದೂ ಅಲ್ಲ. ಸತ್ತವರು ಕಿತ್ತು ತಿನ್ನುವ ರೂಢಿಯವರೇ ಆಗಿದ್ದರಲ್ಲ. ಹುಳ ತಿಂದದ್ದನ್ನು ಮನುಷ್ಯ ತಿನ್ನಬಹುದು, ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಕಪ್ಪಾದರೆ ವಿಷ, ಬೆಳ್ಳಿ ಹಾಕಿ ನೋಡಬೇಕು ಎಂಬ ಮಾತುಗಳು ನಮ್ಮ ಅಡುಗೆಮನೆಗಳಲ್ಲೂ ಓಡಾಡುತ್ತವೆ. ಮೂರೂ ಸುಳ್ಳು. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ತಿಂದು ಸುಖವಾಗಿರುತ್ತದೆ. ಆದರೂ ಆ ಸುಳ್ಳುಗಳಲ್ಲಿ ಒಂದು ವಿನಯವಿದೆ, ಕಣ್ಣಿಗೆ ಕಂಡದ್ದು ಸಾಲದು, ಇನ್ನೇನಾದರೂ ಮಾಡಿ ನೋಡಬೇಕು ಎಂಬ ಅಂಜಿಕೆ. ಫೋನು ಆ ಅಂಜಿಕೆಯನ್ನು ತೆಗೆದುಹಾಕಿದೆ. ಚಿತ್ರ ತೋರಿಸಿದರೆ ಹೆಸರು ಹೇಳುವ ಆ್ಯಪ್‌ಗಳು ಬಂದಿವೆ. 2023ರಲ್ಲಿ ಆಸ್ಟ್ರೇಲಿಯಾದ ವಿಷವೈದ್ಯರು ಅಂಥ 3 ಆ್ಯಪ್‌ಗಳನ್ನು ಪರೀಕ್ಷೆಗೆ ಕೂರಿಸಿದರು. ಮೊದಲ ರ‍್ಯಾಂಕ್ ಬಂದದ್ದರ ಅಂಕ ನೂರಕ್ಕೆ 49. ಪ್ರಾಣದ ಪ್ರಶ್ನೆಯಲ್ಲಿ 49ಕ್ಕೆ ಪಾಸು ಮಾಡುವ ಮೇಷ್ಟರು ಎಲ್ಲಿದ್ದಾರೆ? ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಫೋನಿನಲ್ಲಿ ತಿನ್ನಬಹುದು ಅಂತ ಬಂತು” ಎಂದು ಒಂದು ಚಿತ್ರ ಹಿಡಿದು ಬಂದ ದಿನ ನನಗೆ ಮೈ ನಡುಗಿತು. ಶಾಲೆಯ ಮೈದಾನದ ಹುಲ್ಲಿನಲ್ಲಿ ಎದ್ದ ದೊಡ್ಡ ಬಿಳಿ ಅಣಬೆ. ಕ್ಲೋರೋಫಿಲ್ಲಮ್ ಎಂಬ ಆ ಜಾತಿ ಕೊಲ್ಲುವುದು ಕಡಿಮೆ, ಆದರೆ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಸುತ್ತದೆ. ಅದರ ಕಿವಿರು ಬಲಿತಾಗ ಹಸಿರಾಗುತ್ತದೆ, ಬೀಜಾಣುವೂ ಹಸಿರು. ಮೇಲಿನಿಂದ ತೆಗೆದ ಚಿತ್ರದಲ್ಲಿ ಹಾಲಿನಷ್ಟು ಬಿಳಿ.

ಅವತ್ತೇ ಅದರ ತಲೆ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕವುಚಿ, ಬಿಸಿಯೂಟದ ಲೋಟವೊಂದನ್ನು ಅದರ ಮೇಲೆ ಬೋರಲು ಹಾಕಿಟ್ಟೆವು. ಬೆಳಿಗ್ಗೆ ಲೋಟ ಎತ್ತಿದರೆ ಕಾಗದದ ಮೇಲೆ ಚಕ್ರದ ಕಡ್ಡಿಗಳಂತೆ ಹಸಿರು ಪುಡಿಯ ರಂಗೋಲಿ. ಮಕ್ಕಳು ಕೂಗಿದ ಕೂಗು ಪಕ್ಕದ ಕೊಠಡಿಗೆ ಕೇಳಿತು. ಮೂರು ರೂಪಾಯಿಯ ಕಾಗದ, ಒಂದು ಲೋಟ, ಒಂದು ರಾತ್ರಿಯ ತಾಳ್ಮೆ. ಆಮೇಲೆ ಲೋಟವನ್ನು ಮೂರು ಸಲ ತೊಳೆಸಿದೆ ಎಂದು ಬೇರೆ ಹೇಳಬೇಕಿಲ್ಲ.

ಚಿತ್ರದ ಮೋಹ ಶಾಲೆಗೆ ಬಂದ ಬಗೆಯನ್ನು ಹೇಳದಿದ್ದರೆ ನನ್ನ ಕಸುಬಿಗೆ ದ್ರೋಹವಾದೀತು. ಅಣಬೆ ಬರೆಯಿರಿ ಎಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆ ಗೊತ್ತೆ? ಕೆಂಪು ತಲೆ, ಮೇಲೆ ಬಿಳಿ ಬೊಟ್ಟು. ಮನೆಯಲ್ಲಿ ಹುತ್ತದ ಅಣಬೆ, ಅಕ್ಕಿ ಅಣಬೆ, ಕಲ್ಲಣಬೆ ಉಂಡು ಬೆಳೆದ ಮಕ್ಕಳು! ಆ ಕೆಂಪು ಅಣಬೆಯೂ ಅಮಾನಿಟಾ ಕುಲದ್ದೇ, ವಿಷದ್ದೇ. ತಂಪು ದೇಶಗಳಲ್ಲಿ ಭೂರ್ಜ, ಪೈನ್ ಮುಂತಾದ ಮರಗಳ ಬೇರಿನ ಸಂಗಾತಿಯಾಗಿ ಬದುಕುವಂಥದು. ನಮ್ಮ ಮಲೆನಾಡಿನ ಹೊನ್ನೆ ಮತ್ತಿಗಳ ಕೆಳಗೆ ಹುಡುಕಿದರೆ ಸಿಕ್ಕೀತೆ? ಇಂಗ್ಲಿಷ್ ಚಿತ್ರಪುಸ್ತಕದಿಂದ ಶಿಶುವಿಹಾರದ ಗೋಡೆಗೆ, ಗೋಡೆಯಿಂದ ಪಾರ್ಕಿನ ಸಿಮೆಂಟು ಬೆಂಚಿಗೆ, ಅಲ್ಲಿಂದ ಮಕ್ಕಳ ತಲೆಗೆ ಅದು ಇಳಿದಿದೆ. ಈಗಿನ ಫೋಟೋದವರು ನಮ್ಮದೇ ಅಣಬೆಗಳನ್ನು ತೋರಿಸಿ ಇದನ್ನು ತಿದ್ದಬಹುದಿತ್ತು. ಅವರು ಮಾಡುತ್ತಿರುವುದೇನೆಂದರೆ, ನಮ್ಮ ಅಣಬೆಯನ್ನೂ ಆ ಗೋಡೆಯ ಅಣಬೆಯಷ್ಟೇ ನುಣುಪಾಗಿ ಮಾಡುವುದು.

ಹೊಳೆಯುವ ಅಣಬೆಯ ಗಲಾಟೆಯಂತೂ ಇನ್ನೂ ಒಂದು ಕೈ ಮೇಲೆ. ಮಹಾರಾಷ್ಟ್ರದ ಭೀಮಾಶಂಕರ, ಗೋವಾದ ಮಹದಾಯಿ ಕಾಡುಗಳಲ್ಲಿ ಮಳೆಗಾಲದ ರಾತ್ರಿ ಕೊಳೆತ ಕೊಂಬೆಗಳು ಮಿನುಗುವುದು ನಿಜ. ಆದರೆ ಬರಿಗಣ್ಣಿಗೆ ಕಾಣುವುದು ಬೂದಿ ಬಣ್ಣದ ಮಂದ ಬೆಳಕು. ದೀಪ ಆರಿಸಿ ಹತ್ತು ನಿಮಿಷ ಕತ್ತಲೆಯಲ್ಲಿ ನಿಂತವರಿಗೆ ಅದು ಮೆಲ್ಲಗೆ ಮೂಡುತ್ತದೆ. ಕ್ಯಾಮೆರಾದ ಬಾಗಿಲನ್ನು ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ತೆರೆದಿಟ್ಟಾಗ ಅದೇ ಗಿಳಿಹಸಿರು ಜ್ವಾಲೆಯಾಗುತ್ತದೆ. ಆ ಚಿತ್ರ ನೋಡಿ ಹಣ ತೆತ್ತು ಬಂದವರು ಕಾಡಿನಲ್ಲಿ ನಿಂತು, “ಇಷ್ಟೇನಾ?” ಎನ್ನುತ್ತಾರೆ. ಎನ್ನುತ್ತ ಟಾರ್ಚು ಹಾಕುತ್ತಾರೆ.

ಫೋಟೋ ತೆಗೆಯುವುದೇ ಬೇಡವೆನ್ನುತ್ತೀರಾ ಎಂದು ಓದುಗರು ಕೇಳಬಹುದು. ಬೇಡವೆಂದರೆ ನಾನು ಮೂರ್ಖಳಾದೇನು. ಕ್ಯೂ ಸಸ್ಯೋದ್ಯಾನದವರ 2023ರ ವರದಿಯ ಪ್ರಕಾರ ಭೂಮಿಯ ಮೇಲೆ ಸುಮಾರು 25 ಲಕ್ಷ ಬಗೆಯ ಶಿಲೀಂಧ್ರಗಳಿರಬಹುದು. ಇಲ್ಲಿಯವರೆಗೆ ಹೆಸರಿಟ್ಟದ್ದು ಸುಮಾರು ಒಂದೂವರೆ ಲಕ್ಷಕ್ಕೆ ಮಾತ್ರ. ಇಷ್ಟು ದೊಡ್ಡ ಲೆಕ್ಕ ಬಾಕಿ ಇರುವಾಗ ಕಾಡಿಗೆ ಹೋಗುವ ಪ್ರತಿ ಫೋನೂ ಕೆಲಸಕ್ಕೆ ಬರುತ್ತದೆ. ಬರಬೇಕಾದ ರೀತಿಯಲ್ಲಿ ಬಂದರೆ.

ಆ ರೀತಿಯನ್ನು ಒಬ್ಬ ಅಂಚೆಯವನು ನೂರಿಪ್ಪತ್ತು ಮೂವತ್ತು ವರ್ಷದ ಹಿಂದೆಯೇ ಹೇಳಿದ್ದಾನೆ. ಪೀಟರ್ ಮೊಲದ ಕಥೆ ಬರೆದ ಬೀಟ್ರಿಕ್ಸ್ ಪಾಟರ್ ಆ ಕಥೆಗೂ ಮುಂಚೆ ಅಣಬೆಗಳ ಚಿತ್ರ ಬರೆಯುತ್ತಿದ್ದಳು. ಸ್ಕಾಟ್ಲೆಂಡಿನ ಪರ್ತ್‌ಷೈರಿನ ಅಂಚೆಯವನಾಗಿದ್ದ ಚಾರ್ಲ್ಸ್ ಮ್ಯಾಕಿಂಟೋಷ್, ಟಪಾಲು ಹಂಚುತ್ತ ನಡೆದಾಡಿಯೇ ಶಿಲೀಂಧ್ರಗಳ ಪಂಡಿತನಾದವನು. ಅವಳ ಚಿತ್ರ ನೋಡಿ ಅವನು, ಚಂದವಿದೆ ಎಂದು ಬಿಡಲಿಲ್ಲ. ಕಿವಿರು ತೋರಿಸಬೇಕು, ಸೀಳಿ ಒಳಗನ್ನೂ ಬರೆಯಬೇಕು ಎಂದು ತಿದ್ದಿದ. ಮಾದರಿಗಳನ್ನು ಅಂಚೆಯಲ್ಲಿ ಕಳಿಸಿದ. ಅವಳು 300ಕ್ಕೂ ಹೆಚ್ಚು ಚಿತ್ರ ಬರೆದಳು, ಬೀಜಾಣುಗಳನ್ನು ಮೊಳೆಯಿಸಿ ಪ್ರಬಂಧವನ್ನೂ ಬರೆದಳು. 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಅದನ್ನು ಗಂಡಸೊಬ್ಬರು ಮಂಡಿಸಬೇಕಾಯಿತು, ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸರಿಯಾಗಿ ನೂರು ವರ್ಷ ಕಳೆದ ಮೇಲೆ, 1997ರಲ್ಲಿ, ಅವಳನ್ನು ಹಾಗೆ ನಡೆಸಿಕೊಂಡದ್ದು ತಪ್ಪೆಂದು ಸೊಸೈಟಿ ಒಪ್ಪಿಕೊಂಡಿತು. ನನಗೆ ಮುಖ್ಯವೆನಿಸುವುದು ಅದಲ್ಲ. 1967ರಲ್ಲಿ ಇಂಗ್ಲೆಂಡಿನಲ್ಲಿ ಅಣಬೆ ಗುರುತಿಸುವ ಪುಸ್ತಕವೊಂದು ಬಂದಾಗ ಅದಕ್ಕೆ ಅವಳ 59 ಚಿತ್ರಗಳನ್ನು ಬಳಸಿಕೊಂಡರು. ಅವಳು ಸತ್ತು 24 ವರ್ಷವಾಗಿತ್ತು, ಚಿತ್ರಗಳಿಗೆ ಎಪ್ಪತ್ತರ ಆಸುಪಾಸು. ಆದರೂ ಅವು ಕೆಲಸಕ್ಕೆ ಬಂದವು. ಈ ವರ್ಷದ ಬಹುಮಾನಿತ ಚಿತ್ರಗಳಲ್ಲಿ ಎಷ್ಟು ಎಪ್ಪತ್ತು ವರ್ಷದ ಮೇಲೆ ಯಾರ ಕೆಲಸಕ್ಕೆ ಬಂದಾವು?

ಆದ್ದರಿಂದ ಹೋದ ವರ್ಷ, ವನ್ಯಛಾಯಾಚಿತ್ರ ಸ್ಪರ್ಧೆ ನಡೆಸುವ ಪಟ್ಟಣದ ಸಂಘವೊಂದಕ್ಕೆ ನಾನೊಂದು ಪತ್ರ ಬರೆದೆ. ಅಣಬೆಯ ಚಿತ್ರ ಕಳಿಸುವವರು ಒಂದಲ್ಲ, ಮೂರು ಕಳಿಸಬೇಕೆಂದು ನಿಯಮ ಮಾಡಿ. ಮೇಲಿನದು, ಅಡಿಯದು, ಬುಡ ಮತ್ತು ಅದು ಹುಟ್ಟಿದ ಜಾಗದ್ದು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವಿಡಲಿ. ಎಲೆ ಬಾಚಿದ್ದು, ಹಾವಸೆ ಹಾಸಿದ್ದು ಕಂಡರೆ ಚಿತ್ರವನ್ನು ಹೊರಗಿಡಿ. ಒಂದು ಗುಂಪಿನಲ್ಲಿ ಹತ್ತು ಅಣಬೆಯಿದ್ದರೆ ಬುಡ ನೋಡಲು ಒಂದನ್ನು ಕಿತ್ತರೆ ಪಾಪವಿಲ್ಲ, ಅದರ ಸುತ್ತ ಹತ್ತು ಜನ ಮಲಗದಿದ್ದರೆ ಸಾಕು. ಎರಡು ತಿಂಗಳ ಮೇಲೆ ಉತ್ತರ ಬಂತು. ತಮ್ಮ ಕಾಳಜಿಗೆ ವಂದನೆಗಳು, ಆದರೆ ನಿಯಮದಂತೆ ಒಬ್ಬರಿಗೆ ಒಂದು ವಿಭಾಗದಲ್ಲಿ ಒಂದೇ ಚಿತ್ರ, ಅಲ್ಲದೆ ನಾಣ್ಯ ಇಟ್ಟರೆ ಸೌಂದರ್ಯಕ್ಕೆ ಧಕ್ಕೆಯಾಗುತ್ತದೆ ಎಂದು ತೀರ್ಪುಗಾರರ ಅಭಿಪ್ರಾಯ.

ಈ ಸಲ ಅದೇ ಪತ್ರವನ್ನು ಮತ್ತೆ ಕಳಿಸಿದ್ದೇನೆ, ಜೊತೆಗೆ ನಮ್ಮ ಮಕ್ಕಳ ಅಣಬೆ ಪುಸ್ತಕದ ಒಂದು ಪುಟದ ನಕಲನ್ನೂ ಇಟ್ಟು. ಅಪ್ಪನ ಹಳೆಯ ಫೋನಿನಲ್ಲಿ ಹುಡುಗನೊಬ್ಬ ತೆಗೆದ ಮೂರು ಮಸುಕು ಚಿತ್ರಗಳು ಅದರಲ್ಲಿವೆ, ಒಂದರಲ್ಲಿ ಅವನ ಹೆಬ್ಬೆರಳೂ ಬಂದಿದೆ. ಕೆಳಗೆ ಅವನದೇ ಅಕ್ಷರದಲ್ಲಿ: ‘ಬಿದ್ದ ಹಲಸಿನ ಮರದ ಬೇರಿನ ಮೇಲೆ. ಚಿತ್ತ ಮಳೆ, ಮೂರನೇ ದಿನ. ಕಿವಿರು ಒತ್ತಾಗಿದೆ, ಒತ್ತಿದರೆ ಕಂದು. ಉಂಗುರ ಇಲ್ಲ, ಚೀಲ ಇಲ್ಲ. ವಾಸನೆ ನೆನೆದ ಅಕ್ಕಿ. ಬೀಜಾಣು ಬಿಳಿ. ಹೆಸರು ಗೊತ್ತಿಲ್ಲ. ತಿಂದಿಲ್ಲ.’